ಶ್ರವಣ ಸಾಧನ ಹಾಕಿದ ಮಗುವಿಗೆ ಪಾಠ ಕೇಳಿಸುತ್ತಿದೆಯೇ?

"ಡಾಕ್ಟ್ರೇ, ಮಗನಿಗೆ ಮಷೀನು ಹಾಕಿಸಿ ಎರಡು ವರ್ಷವಾಯಿತು. ಮನೆಯಲ್ಲಿ ಕರೆದರೆ ತಿರುಗಿ ನೋಡುತ್ತಾನೆ, ಕೇಳಿದ್ದಕ್ಕೆ ಉತ್ತರ ಕೊಡುತ್ತಾನೆ. ಆದರೆ ಶಾಲೆಯಲ್ಲಿ ಗಮನ ಕೊಡುವುದಿಲ್ಲ, ಪಾಠ ಅರ್ಧಂಬರ್ಧ ಬರೆದುಕೊಂಡು ಬರುತ್ತಾನೆ ಎಂದು ಮೇಷ್ಟ್ರು ದೂರು ಹೇಳುತ್ತಾರೆ. ಇವನು ಸೋಮಾರಿಯೋ, ಬುದ್ಧಿಯೇ ಕಡಿಮೆಯೋ ತಿಳಿಯುತ್ತಿಲ್ಲ."

ಕಿವಿ ಕೇಳದ ಮಕ್ಕಳ ತಂದೆತಾಯಿಯರಿಂದ ವೈದ್ಯರು ಮತ್ತೆ ಮತ್ತೆ ಕೇಳುವ ಮಾತಿದು. ಶ್ರವಣ ಸಾಧನ ಕೊಡಿಸಿ, ಊರಿನ ಸಾಮಾನ್ಯ ಶಾಲೆಗೆ ಸೇರಿಸಿದರೆ ಸಮಸ್ಯೆ ಮುಗಿಯಿತು ಎಂದು ಬಹುಪಾಲು ಕುಟುಂಬಗಳು ತಿಳಿದಿರುತ್ತವೆ. ಅಂಕಪಟ್ಟಿ ಕೈಗೆ ಬಂದಾಗ ಗಾಬರಿಯಾಗುತ್ತದೆ. ಇಂಥ ಮಕ್ಕಳಲ್ಲಿ ಹೆಚ್ಚಿನವರು ಸೋಮಾರಿಗಳೂ ಅಲ್ಲ, ದಡ್ಡರೂ ಅಲ್ಲ. ಅವರಿಗೆ ಶಾಲೆಯ ಕೋಣೆಯಲ್ಲಿ ಸದ್ದು ಕೇಳುತ್ತದೆ, ಆದರೆ ಪಾಠ ತಲುಪುವುದಿಲ್ಲ. ಇದೇಕೆ ಹೀಗಾಗುತ್ತದೆ, ಇದಕ್ಕೆ ಇಂದು ಯಾವ ಉಪಕರಣಗಳಿವೆ, ಹಣ ಖರ್ಚಿಲ್ಲದೆ ಏನು ಮಾಡಬಹುದು ಎಂಬುದನ್ನು ಈ ವಾರ ನೋಡೋಣ.

ಸದ್ದು ಬೇರೆ, ಮಾತು ಬೇರೆ

ನಾವು ಕೇಳುವ ಸದ್ದು ಹೊರಕಿವಿಯಿಂದ ಒಳಹೋಗಿ ಕಿವಿಯ ತಮಟೆಯನ್ನು ಅಲುಗಾಡಿಸುತ್ತದೆ. ಅದರ ಹಿಂದಿರುವ ಮೂರು ಪುಟ್ಟ ಮೂಳೆಗಳು ಆ ಕಂಪನವನ್ನು ಒಳಕಿವಿಗೆ ದಾಟಿಸುತ್ತವೆ. ಒಳಕಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುರುಳಿ ಸುತ್ತಿದ ಒಂದು ಭಾಗವಿದೆ. ಅದರೊಳಗಿನ ಸೂಕ್ಷ್ಮ ರೋಮಕೋಶಗಳು ಕಂಪನವನ್ನು ವಿದ್ಯುತ್ ಸಂಕೇತವಾಗಿಸಿ ನರದ ಮೂಲಕ ಮಿದುಳಿಗೆ ಕಳುಹಿಸುತ್ತವೆ.

ತಮಟೆಯಲ್ಲಿ ತೂತು, ಸೋರುವ ಕಿವಿ, ತಮಟೆಯ ಹಿಂದೆ ನೀರು ಕಟ್ಟಿಕೊಳ್ಳುವುದು ಮುಂತಾದ ತೊಂದರೆಗಳನ್ನು ಬಹುಮಟ್ಟಿಗೆ ಔಷಧ ಅಥವಾ ಶಸ್ತ್ರಚಿಕಿತ್ಸೆಯಿಂದ ಸರಿಪಡಿಸಬಹುದು. ಆದರೆ ರೋಮಕೋಶಗಳೇ ಹಾಳಾದರೆ ಅವು ಮತ್ತೆ ಬೆಳೆಯುವುದಿಲ್ಲ. ಹುಟ್ಟಿನಿಂದ ಬರುವ ಕಿವುಡುತನದಲ್ಲಿ ಹೆಚ್ಚಿನದು ಈ ಬಗೆಯದು. ಇಂಥ ಮಕ್ಕಳಿಗೆ ಶ್ರವಣ ಸಾಧನ ಬೇಕಾಗುತ್ತದೆ. ದೋಷ ಬಹಳ ತೀವ್ರವಾಗಿದ್ದರೆ ನರಕ್ಕೆ ನೇರವಾಗಿ ವಿದ್ಯುತ್ ಸಂಕೇತ ಕೊಡುವ ಕಾಕ್ಲಿಯರ್ ಇಂಪ್ಲಾಂಟ್ ಅಳವಡಿಸುತ್ತಾರೆ.

ಕನ್ನಡಕ ಹಾಕಿದ ಕೂಡಲೇ ಅಕ್ಷರ ಸ್ಪಷ್ಟವಾಗುವಂತೆ ಶ್ರವಣ ಸಾಧನ ಹಾಕಿದ ಕೂಡಲೇ ಮಾತು ಸ್ಪಷ್ಟವಾಗುತ್ತದೆ ಎಂದು ಭಾವಿಸಬೇಡಿ. ಸಾಧನವು ಸದ್ದನ್ನು ದೊಡ್ಡದು ಮಾಡುತ್ತದೆ. ಹಾಳಾದ ಒಳಕಿವಿ ಆ ದೊಡ್ಡ ಸದ್ದಿನಲ್ಲೂ ಕೆಲವು ಅಕ್ಷರಗಳನ್ನು ಬಿಟ್ಟುಬಿಡುತ್ತದೆ. ನಮ್ಮ ಮಾತಿನಲ್ಲಿ ಆ, ಈ, ಊ ಮುಂತಾದ ಸ್ವರಗಳು ಗಟ್ಟಿಯಾಗಿರುತ್ತವೆ. ಕ, ತ, ಪ, ಸ, ಶ ಮುಂತಾದ ವ್ಯಂಜನಗಳು ಮೆಲುವಾಗಿರುತ್ತವೆ. ಅರ್ಥವನ್ನು ಬೇರ್ಪಡಿಸುವುದು ಹೆಚ್ಚಾಗಿ ಈ ಮೆಲುವಾದ ವ್ಯಂಜನಗಳೇ. 'ಕಪ್ಪು' ಎಂದರೂ 'ತಪ್ಪು' ಎಂದರೂ ಮಗುವಿಗೆ 'ಅಪ್ಪು' ಎಂದಷ್ಟೇ ಕೇಳಿಸಬಹುದು. ಸದ್ದು ಕೇಳಿದ್ದರಿಂದ ಅದು ತಿರುಗಿ ನೋಡುತ್ತದೆ. ಹೇಳಿದ್ದೇನು ಎಂಬುದನ್ನು ಮಾತ್ರ ಊಹಿಸಬೇಕು.

ಕನ್ನಡದಲ್ಲಿ ಇನ್ನೊಂದು ತೊಡಕಿದೆ. ನಮ್ಮ ವಾಕ್ಯದ ಮುಖ್ಯ ಅರ್ಥ ಕೊನೆಯಲ್ಲಿ ಬರುತ್ತದೆ. 'ಕಬ್ಬಿಣ ನೀರಿನಲ್ಲಿ ಕರಗುತ್ತದೆ' ಎಂಬುದಕ್ಕೂ 'ಕರಗುವುದಿಲ್ಲ' ಎಂಬುದಕ್ಕೂ ಇರುವ ವ್ಯತ್ಯಾಸ ಕೊನೆಯ ಪದದಲ್ಲಿದೆ. ವಾಕ್ಯದ ಕೊನೆಗೆ ಬರುವಷ್ಟರಲ್ಲಿ ಸಾಮಾನ್ಯವಾಗಿ ನಮ್ಮ ದನಿ ಇಳಿದಿರುತ್ತದೆ. ಮಗು 'ಇಲ್ಲ' ಎಂಬುದನ್ನು ಕೇಳಿಸಿಕೊಳ್ಳದೆ ಇಡೀ ಪಾಠವನ್ನು ತಲೆಕೆಳಗಾಗಿ ಕಲಿಯಬಹುದು.

ಮನೆಯಲ್ಲಿ ಸರಿ, ಶಾಲೆಯಲ್ಲಿ ಏಕಿಲ್ಲ?

ಅಡುಗೆಮನೆಯಲ್ಲಿ ತಾಯಿ ಮಗುವಿನಿಂದ ಎರಡು ಮೂರು ಅಡಿ ದೂರದಲ್ಲಿ ನಿಂತು, ಮುಖ ನೋಡಿಕೊಂಡು, ಪರಿಚಿತ ವಿಷಯ ಮಾತಾಡುತ್ತಾಳೆ. ತರಗತಿಯಲ್ಲಿ ಈ ಯಾವ ಅನುಕೂಲವೂ ಇಲ್ಲ. ಅಲ್ಲಿ ಮಗುವಿಗೆ ಮೂರು ಅಡ್ಡಿಗಳು ಎದುರಾಗುತ್ತವೆ.

ಮೊದಲನೆಯದು ದೂರ. ಸದ್ದಿನ ಮಟ್ಟವನ್ನು ಡೆಸಿಬೆಲ್ ಎಂಬ ಮಾನದಲ್ಲಿ ಅಳೆಯುತ್ತಾರೆ. ತೆರೆದ ಜಾಗದಲ್ಲಿ ದೂರ ಎರಡರಷ್ಟಾದಾಗಲೆಲ್ಲ ಸದ್ದು ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಉಪಾಧ್ಯಾಯರ ದನಿ 1 ಮೀಟರ್ ದೂರದಲ್ಲಿ 65 ಡೆಸಿಬೆಲ್ ಇದ್ದರೆ 2 ಮೀಟರಿನಲ್ಲಿ 59, 4 ಮೀಟರಿನಲ್ಲಿ 53, 8 ಮೀಟರಿನಲ್ಲಿ 47 ಆಗುತ್ತದೆ. ಕೋಣೆಯೊಳಗೆ ಗೋಡೆಗೆ ಬಡಿದು ಮರಳುವ ದನಿಯೂ ಸೇರುವುದರಿಂದ ಇಷ್ಟು ಇಳಿಯದಿರಬಹುದು, ಆದರೆ ಸ್ಪಷ್ಟತೆ ಹೋಗಿರುತ್ತದೆ.

ಎರಡನೆಯದು ಗದ್ದಲ. ತಿರುಗುವ ಫ್ಯಾನು, ಬೆಂಚು ಎಳೆಯುವ ಸದ್ದು, ಪಕ್ಕದ ತರಗತಿಯ ಮಗ್ಗಿ, ರಸ್ತೆಯ ಹಾರನ್ನು, ಮಳೆಗಾಲದಲ್ಲಿ ತಗಡಿನ ಮಾಡಿನ ಮೇಲೆ ಬೀಳುವ ಮಳೆ. ಕಿವಿ ಸರಿಯಿರುವ ಮಗುವಿನ ಮಿದುಳು ಇವನ್ನು ಬದಿಗೊತ್ತಿ ಮೇಷ್ಟರ ಮಾತನ್ನು ಆರಿಸಿಕೊಳ್ಳುತ್ತದೆ. ಕಿವಿ ದೋಷವಿರುವ ಮಗುವಿಗೆ ಈ ಆಯ್ಕೆ ಬಹಳ ಕಷ್ಟ. ಸಾಧನವಂತೂ ಹತ್ತಿರದ ಬೆಂಚಿನ ಸದ್ದನ್ನೂ ದೂರದ ಮಾತನ್ನೂ ಸೇರಿಸಿಯೇ ದೊಡ್ಡದು ಮಾಡುತ್ತದೆ. ಗದ್ದಲವನ್ನು ತಗ್ಗಿಸುವ ಹೊಸ ಡಿಜಿಟಲ್ ಸಾಧನಗಳಿವೆ ನಿಜ, ಆದರೆ ದೂರದ ದನಿಯನ್ನು ಅವು ಹತ್ತಿರ ತರಲಾರವು. ಕಿವಿ ದೋಷವಿರುವ ಮಗುವಿಗೆ ಪಾಠ ತಿಳಿಯಬೇಕಾದರೆ ಉಪಾಧ್ಯಾಯರ ದನಿ ಸುತ್ತಲ ಗದ್ದಲಕ್ಕಿಂತ ಕನಿಷ್ಠ 15 ಡೆಸಿಬೆಲ್ ಹೆಚ್ಚಿರಬೇಕು ಎಂದು ತಜ್ಞರು ಹೇಳುತ್ತಾರೆ. ನಮ್ಮ ಶಾಲೆಗಳ ಹಿಂದಿನ ಬೆಂಚಿನಲ್ಲಿ ಎಷ್ಟೋ ಸಲ ಗದ್ದಲವೇ ದನಿಗಿಂತ ಹೆಚ್ಚಿರುತ್ತದೆ.

ಮೂರನೆಯದು ಮಾರ್ದನಿ. ಸಿಮೆಂಟಿನ ಗೋಡೆ, ಕಲ್ಲಿನ ನೆಲ, ಬರಿಯ ತಾರಸಿ ಇರುವ ಕೋಣೆಯಲ್ಲಿ ಒಂದು ಪದದ ಬಾಲ ಮುಂದಿನ ಪದದ ತಲೆಯ ಮೇಲೆ ಬೀಳುತ್ತದೆ. ಅಮೆರಿಕದಲ್ಲಿ 2002ರಲ್ಲಿ ರೂಪಿಸಿದ ಶಾಲಾ ಕೊಠಡಿಗಳ ಮಾನದಂಡದ ಪ್ರಕಾರ ಸಾಧಾರಣ ಗಾತ್ರದ ಖಾಲಿ ತರಗತಿಯಲ್ಲಿ ಹಿನ್ನೆಲೆ ಸದ್ದು 35 ಡೆಸಿಬೆಲ್ ಮೀರಬಾರದು, ಮಾರ್ದನಿ 0.6 ಸೆಕೆಂಡಿನೊಳಗೆ ಅಡಗಬೇಕು. ನಮ್ಮ ತರಗತಿಗಳು ಈ ಮಟ್ಟದಿಂದ ಎಷ್ಟು ದೂರ ಎಂಬುದು ನಿಮಗೇ ಗೊತ್ತಿದೆ.

ಮೇಷ್ಟರ ಕೊರಳಿನ ಮೈಕು

ಈ ಮೂರೂ ಅಡ್ಡಿಗಳಿಗೆ ಒಟ್ಟಾಗಿ ಉತ್ತರ ಕೊಡುವ ಒಂದು ಸಾಧನವಿದೆ. ಬಹಳ ಕಾಲದಿಂದ ಅದನ್ನು ಎಫ್.ಎಂ. ವ್ಯವಸ್ಥೆ ಎಂದು ಕರೆಯುತ್ತಿದ್ದಾರೆ. ಈಗ ಅದರ ಡಿಜಿಟಲ್ ರೂಪಗಳು ಬಂದಿವೆ. ಉಪಾಧ್ಯಾಯರು ತಮ್ಮ ಬಾಯಿಯಿಂದ ಸುಮಾರು ಒಂದು ಗೇಣು ಕೆಳಗೆ ಒಂದು ಪುಟ್ಟ ಮೈಕನ್ನು ಸಿಕ್ಕಿಸಿಕೊಳ್ಳುತ್ತಾರೆ ಅಥವಾ ಕೊರಳಿಗೆ ನೇತುಹಾಕಿಕೊಳ್ಳುತ್ತಾರೆ. ಅದು ಅವರ ದನಿಯನ್ನು ರೇಡಿಯೋ ಅಲೆಯಾಗಿ ಕಳುಹಿಸುತ್ತದೆ. ಮಗುವಿನ ಶ್ರವಣ ಸಾಧನಕ್ಕೆ ಅಥವಾ ಕಾಕ್ಲಿಯರ್ ಇಂಪ್ಲಾಂಟಿನ ಹೊರಭಾಗಕ್ಕೆ ಜೋಡಿಸಿದ ಗ್ರಾಹಕ ಅದನ್ನು ನೇರವಾಗಿ ಕಿವಿಗೆ ಮುಟ್ಟಿಸುತ್ತದೆ. ಮೇಷ್ಟ್ರು ಬೋರ್ಡಿನ ಬಳಿ ಇದ್ದರೂ, ಕಿಟಕಿಯ ಬಳಿ ಇದ್ದರೂ, ಮಗುವಿಗೆ ಅವರು ಪಕ್ಕದಲ್ಲೇ ಕುಳಿತು ಹೇಳಿದಂತೆ ಕೇಳಿಸುತ್ತದೆ.

ಇದು ಎಲ್ಲ ಶ್ರವಣ ಸಾಧನಗಳಿಗೂ ಹೊಂದುವುದಿಲ್ಲ. ಆದ್ದರಿಂದ ಸಾಧನ ಕೊಳ್ಳುವಾಗಲೇ "ಇದಕ್ಕೆ ಶಾಲೆಯ ಮೈಕನ್ನು ಜೋಡಿಸಬಹುದೇ?" ಎಂದು ಆಡಿಯಾಲಜಿಸ್ಟರನ್ನು ಕೇಳಿ. ಬೆಲೆಯೂ ಕಡಿಮೆಯೇನಿಲ್ಲ. ಎರಡು ಸಾಧನಗಳ ಬೆಲೆ ಹೊಂದಿಸುವಾಗ ತೀರಾ ದುಬಾರಿಯ ಮಾದರಿಗೆ ಹೋಗುವ ಬದಲು, ಮಧ್ಯಮ ದರ್ಜೆಯ ಸಾಧನ ಕೊಂಡು ಉಳಿದ ಹಣವನ್ನು ಮೈಕಿಗೆ ಇಡುವುದು ಶಾಲೆಗೆ ಹೋಗುವ ಮಗುವಿಗೆ ಹೆಚ್ಚು ಉಪಯುಕ್ತವಾಗಬಹುದು. ಇದನ್ನೂ ಅವರೊಂದಿಗೆ ಚರ್ಚಿಸಿ.

ಮೈಕು ಕೊಟ್ಟ ಮಾತ್ರಕ್ಕೆ ಕೆಲಸವಾಗದು. ಉಪಾಧ್ಯಾಯರು ಸ್ಟಾಫ್ ರೂಮಿಗೆ ಹೋಗುವಾಗ ಅದನ್ನು ಆರಿಸಬೇಕು, ಇಲ್ಲದಿದ್ದರೆ ಅಲ್ಲಿನ ಮಾತೆಲ್ಲ ಮಗುವಿನ ಕಿವಿಗೆ ಬೀಳುತ್ತದೆ. ಬೇರೆ ಮಕ್ಕಳು ಉತ್ತರ ಹೇಳುವಾಗ ಮೈಕನ್ನು ಅವರ ಕೈಗೆ ಕೊಡಬೇಕು ಅಥವಾ ಆ ಉತ್ತರವನ್ನು ತಾವು ಮತ್ತೊಮ್ಮೆ ಹೇಳಬೇಕು. ರಾತ್ರಿ ಅದನ್ನು ಚಾರ್ಜಿಗೆ ಹಾಕುವವರು ಯಾರು ಎಂಬುದೂ ಮೊದಲೇ ಗೊತ್ತಾಗಿರಬೇಕು.

ತುಟಿ ನೋಡಿ ತಿಳಿಯುವುದು ಎಷ್ಟು ಸಾಧ್ಯ?

"ಅವಳು ತುಟಿ ನೋಡಿ ಎಲ್ಲ ತಿಳಿದುಕೊಳ್ಳುತ್ತಾಳೆ" ಎಂದು ಹೆಮ್ಮೆಯಿಂದ ಹೇಳುವ ಪಾಲಕರಿದ್ದಾರೆ. ನೀವೇ ಕನ್ನಡಿಯ ಮುಂದೆ ನಿಂತು ದನಿ ತೆಗೆಯದೆ 'ಮರ', 'ಬರ', 'ಪರ' ಎಂದು ಹೇಳಿ ನೋಡಿ. ಮೂರಕ್ಕೂ ತುಟಿಯ ಚಲನೆ ಒಂದೇ. ಕ, ಗ, ಹ ಮುಂತಾದವು ಬಾಯಿಯ ಹಿಂಭಾಗದಲ್ಲಿ ಹುಟ್ಟುವುದರಿಂದ ತುಟಿಯಲ್ಲಿ ಕಾಣುವುದೇ ಇಲ್ಲ. ತುಟಿಯ ಚಲನೆ ಕೇಳಿದ್ದಕ್ಕೆ ಆಸರೆಯಾಗುತ್ತದೆ. ಅದೊಂದನ್ನೇ ನಂಬಿ ಪಾಠ ಕಲಿಯಲಾಗದು.

ಉಕ್ತಲೇಖನದ ಸಮಯವನ್ನು ನೆನೆಸಿಕೊಳ್ಳಿ. ಉಪಾಧ್ಯಾಯರು ಓಡಾಡುತ್ತ ಓದುತ್ತಾರೆ, ಮಕ್ಕಳು ತಲೆ ತಗ್ಗಿಸಿ ಬರೆಯುತ್ತಾರೆ. ಕಿವಿ ದೋಷದ ಮಗು ಬರೆಯಲು ತಲೆ ತಗ್ಗಿಸಿದರೆ ತುಟಿ ಕಾಣದು, ತುಟಿ ನೋಡಿದರೆ ಬರೆಯಲಾಗದು. ಅಕ್ಷರ ಬಲ್ಲ ಮಗುವೂ ಇಲ್ಲಿ ಸೊನ್ನೆ ತೆಗೆದುಕೊಳ್ಳುತ್ತದೆ. ಈ ಅಂಕ ಅದರ ಕನ್ನಡದ ಅಳತೆಯಲ್ಲ, ಕಿವಿಯ ಅಳತೆ.

ಮಾತು ಅಕ್ಷರವಾಗಿ ಕಂಡಾಗ

ಆಡಿದ ಮಾತನ್ನು ಆಗಲೇ ಬರಹವಾಗಿಸುವ ತಂತ್ರಜ್ಞಾನ ಈಗ ನಿಮ್ಮ ಕೈಯಲ್ಲಿರುವ ಫೋನಿನಲ್ಲೇ ಇದೆ. ಗೂಗಲ್ ಸಂಸ್ಥೆ 2017ರಲ್ಲಿ ಕನ್ನಡವನ್ನು ತನ್ನ ಧ್ವನಿ ಟೈಪಿಂಗ್ ಭಾಷೆಗಳಿಗೆ ಸೇರಿಸಿತು. 2019ರಲ್ಲಿ, ಕಿವುಡರ ಉನ್ನತ ಶಿಕ್ಷಣಕ್ಕೆ ಹೆಸರಾದ ಅಮೆರಿಕದ ಗ್ಯಾಲಡೆಟ್ ವಿಶ್ವವಿದ್ಯಾಲಯದ ಸಹಯೋಗದಲ್ಲಿ ರೂಪಿಸಿದ ಲೈವ್ ಟ್ರಾನ್ಸ್‌ಕ್ರೈಬ್ ಎಂಬ ಆಪ್ ಹೊರತಂದಿತು. ಎದುರಿಗಿರುವವರು ಆಡಿದ ಕನ್ನಡ ಇದರಲ್ಲಿ ದೊಡ್ಡ ಅಕ್ಷರಗಳಲ್ಲಿ ಪರದೆಯ ಮೇಲೆ ಮೂಡುತ್ತದೆ.

ಪ್ರೌಢಶಾಲೆ ಮತ್ತು ಕಾಲೇಜಿನ ಕಿವುಡ ವಿದ್ಯಾರ್ಥಿಗಳಿಗೆ ಇದು ದೊಡ್ಡ ಸಹಾಯ. ಮಿತಿಗಳೂ ಇವೆ. ಫೋನು ದೂರದಲ್ಲಿದ್ದರೆ, ಗದ್ದಲವಿದ್ದರೆ ಅದೂ ತಪ್ಪು ಕೇಳಿಸಿಕೊಳ್ಳುತ್ತದೆ. 'ದ್ಯುತಿಸಂಶ್ಲೇಷಣೆ'ಯಂಥ ಪಾಠದ ಪದಗಳಲ್ಲಿ, ಊರೂರಿನ ಮಾತಿನ ವರಸೆಯಲ್ಲಿ ಎಡವುತ್ತದೆ. ಆದ್ದರಿಂದ ಫೋನನ್ನು ಉಪಾಧ್ಯಾಯರ ಮೇಜಿನ ಮೇಲಿಟ್ಟರೆ ಅಥವಾ ಅವರು ಹಾಕಿಕೊಂಡ ಮೈಕಿಗೆ ಜೋಡಿಸಿದರೆ ಫಲ ಹೆಚ್ಚು. ಎಲ್ಲಕ್ಕಿಂತ ಮುಖ್ಯವಾಗಿ, ಓದಲು ಬಲ್ಲ ಮಗುವಿಗಷ್ಟೇ ಇದು ಉಪಯೋಗ. ಎರಡನೆಯ ತರಗತಿಯ ಮಗುವಿನ ಮುಂದೆ ಓಡುವ ಅಕ್ಷರಗಳನ್ನಿಟ್ಟರೆ ಅದಕ್ಕೆ ಇನ್ನೊಂದು ಹೊರೆಯಾಗುತ್ತದೆ.

ಸನ್ನೆ ಭಾಷೆಗೆ ಹೆದರಬೇಡಿ

ಎಷ್ಟೇ ಒಳ್ಳೆಯ ಸಾಧನವಿದ್ದರೂ ಮಾತು ಸಾಕಷ್ಟು ದಕ್ಕದ ಮಕ್ಕಳಿದ್ದಾರೆ. ಇವರಿಗೆ ಸನ್ನೆ ಭಾಷೆ ಬೇಕು. "ಸನ್ನೆ ಕಲಿತರೆ ಮಾತು ಬರುವುದಿಲ್ಲ" ಎಂಬ ಭಯ ಅನೇಕ ಮನೆಗಳಲ್ಲಿದೆ. ಇದಕ್ಕೆ ಆಧಾರವಿಲ್ಲ. ಚಿಕ್ಕ ವಯಸ್ಸಿನಲ್ಲಿ ಯಾವ ಭಾಷೆಯೂ ಪೂರ್ತಿ ದಕ್ಕದೆ ಬೆಳೆಯುವುದೇ ಮಗುವಿನ ಬುದ್ಧಿಗೆ ಆಗುವ ದೊಡ್ಡ ನಷ್ಟ. ಸನ್ನೆ ಭಾಷೆ ತನ್ನದೇ ವ್ಯಾಕರಣವಿರುವ ಪೂರ್ಣ ಭಾಷೆ.

ಭಾರತೀಯ ಸನ್ನೆ ಭಾಷೆಯ ಸಂಶೋಧನೆ ಮತ್ತು ತರಬೇತಿಗಾಗಿ 2015ರಲ್ಲಿ ದೆಹಲಿಯಲ್ಲಿ ಒಂದು ರಾಷ್ಟ್ರೀಯ ಕೇಂದ್ರ ಸ್ಥಾಪನೆಯಾಯಿತು. ಆ ಕೇಂದ್ರ 2021ರಲ್ಲಿ ತಂದ ನಿಘಂಟಿನ ಮೂರನೆಯ ಆವೃತ್ತಿಯಲ್ಲಿ 10,000 ಪದಗಳ ಸನ್ನೆಗಳಿವೆ. ಎನ್.ಸಿ.ಇ.ಆರ್.ಟಿ. ಪಠ್ಯಪುಸ್ತಕಗಳನ್ನು ಸನ್ನೆ ಭಾಷೆಯ ವಿಡಿಯೋಗಳಾಗಿಸಲು 2020ರಲ್ಲಿ ಒಪ್ಪಂದವಾಯಿತು. ಮರುದಿನದ ಪಾಠವನ್ನು ಹಿಂದಿನ ಸಂಜೆಯೇ ವಿಡಿಯೋದಲ್ಲಿ ನೋಡಿದ ಮಗು ತರಗತಿಯಲ್ಲಿ ಕೇಳುವ ತುಣುಕುಗಳನ್ನು ಜೋಡಿಸಿಕೊಳ್ಳಬಲ್ಲದು.

ಬೆಳಗಿನ 2 ನಿಮಿಷ

ಕೆಟ್ಟ ಸಾಧನ ಕಿವಿಯಲ್ಲಿದ್ದರೆ ಅದು ಬಿರಡೆಯಂತೆ ಕಿವಿಯನ್ನು ಮುಚ್ಚುತ್ತದೆ. ಅದು ಕೆಟ್ಟಿದೆ ಎಂದು ಚಿಕ್ಕ ಮಗು ಹೇಳಲಾರದು. ದಿನವೂ ಶಾಲೆಗೆ ಹೊರಡುವ ಮುನ್ನ ಈ ಪರೀಕ್ಷೆ ಮಾಡಿ. ಮಗುವಿನ ಹಿಂದೆ ಒಂದು ಮೀಟರ್ ದೂರದಲ್ಲಿ ನಿಂತು 'ಮ್', 'ಊ', 'ಆ', 'ಈ', 'ಶ್', 'ಸ್' ಎಂಬ ಆರು ಸದ್ದುಗಳನ್ನು ಸಾಧಾರಣ ದನಿಯಲ್ಲಿ, ಕ್ರಮ ಬದಲಿಸುತ್ತ, ಮಧ್ಯೆ ಬಿಡುವು ಕೊಡುತ್ತ ಹೇಳಿ. ಕೇಳಿದ ಸದ್ದನ್ನು ಮಗು ಮತ್ತೆ ಹೇಳಲಿ ಅಥವಾ ಚಪ್ಪಾಳೆ ತಟ್ಟಲಿ. ಕಿವುಡ ಮಕ್ಕಳಿಗೆ ಮಾತು ಕಲಿಸುವುದರಲ್ಲಿ ಹೆಸರಾದ ಡೇನಿಯಲ್ ಲಿಂಗ್ ರೂಪಿಸಿದ ಪರೀಕ್ಷೆಯಿದು. ತಗ್ಗಿನಿಂದ ಏರುವವರೆಗಿನ ಮಾತಿನ ಎಲ್ಲ ಸ್ತರಗಳೂ ಈ ಆರರಲ್ಲಿವೆ. ನಿನ್ನೆ ಕೇಳಿಸಿದ ಸದ್ದು ಇಂದು ಕೇಳಿಸದಿದ್ದರೆ ಏನೋ ಕೆಟ್ಟಿದೆ ಎಂದರ್ಥ.

ಮೊದಲು ಬ್ಯಾಟರಿ ಬದಲಿಸಿ ನೋಡಿ. ಬಟನ್ ಬ್ಯಾಟರಿಯ ಮೇಲಿನ ಚೀಟಿ ಕಿತ್ತ ಮೇಲೆ ಬಳಸದಿದ್ದರೂ ಅದು ಸವೆಯುತ್ತದೆ. ಶಾಲೆಯ ಚೀಲದಲ್ಲಿ ಒಂದು ಜೊತೆ ಹೆಚ್ಚುವರಿ ಇರಲಿ. ಪುಟ್ಟ ಮಕ್ಕಳಿಂದ ಅವನ್ನು ದೂರವಿಡಿ. ನುಂಗಿದರೆ ಅನ್ನನಾಳ ಸುಡುವ ಅಪಾಯವಿದೆ, ತಕ್ಷಣ ಆಸ್ಪತ್ರೆಗೆ ಒಯ್ಯಬೇಕು. ಕಿವಿಯ ಅಚ್ಚಿನಲ್ಲಿ ಗುಗ್ಗೆ ಕಟ್ಟಿದ್ದರೆ ತೆಗೆಯಿರಿ. ಮಗು ಬೆಳೆದಂತೆ ಅಚ್ಚು ಸಡಿಲವಾಗಿ ಕುಯ್ಯೆಂದು ಸಿಳ್ಳೆ ಹಾಕುತ್ತದೆ, ಆಗ ಹೊಸದು ಮಾಡಿಸಬೇಕು. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ರಾತ್ರಿ ಸಾಧನವನ್ನು ತೇವ ಹೀರುವ ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿಡಿ. ಕಿವಿ ಸೋರುತ್ತಿದ್ದರೆ ವೈದ್ಯರಿಗೆ ತೋರಿಸಿ. ಎಣ್ಣೆ ಬಿಡಬೇಡಿ.

ಶಾಲೆಯಲ್ಲಿ ಖರ್ಚಿಲ್ಲದೆ ಆಗುವ ಕೆಲಸಗಳು

ಉಪಾಧ್ಯಾಯರಿಗೆ ಮನವಿ ಮಾಡಿಕೊಳ್ಳಲು ಸಂಕೋಚ ಬೇಡ. ಈ ಪಟ್ಟಿಯನ್ನು ಕತ್ತರಿಸಿ ಕೊಟ್ಟರೂ ಆದೀತು.

1. ಮಗುವನ್ನು ಮುಂದಿನ ಅಥವಾ ಎರಡನೆಯ ಸಾಲಿನಲ್ಲಿ, ರಸ್ತೆಯ ಕಿಟಕಿಯಿಂದ ದೂರ, ಉಪಾಧ್ಯಾಯರ ಮುಖ ಕಾಣುವಂತೆ ಕೂರಿಸುವುದು. ಒಂದೇ ಕಿವಿ ಚೆನ್ನಾಗಿದ್ದರೆ ಅದು ತರಗತಿಯ ಕಡೆಗಿರಬೇಕು.

2. ಬೋರ್ಡಿನ ಕಡೆ ತಿರುಗಿ ಮಾತಾಡದಿರುವುದು. ಬರೆದು ಮುಗಿಸಿ, ತಿರುಗಿ, ನಂತರ ಹೇಳುವುದು. ಕಿಟಕಿಗೆ ಬೆನ್ನು ಮಾಡಿ ನಿಂತರೆ ಮುಖ ಕತ್ತಲಾಗಿ ತುಟಿ ಕಾಣದು.

3. ಪಾಠದ ಹೆಸರು, ಹೊಸ ಪದಗಳು, ಮನೆಗೆಲಸವನ್ನು ತಪ್ಪದೆ ಬೋರ್ಡಿನಲ್ಲಿ ಬರೆಯುವುದು.

4. ಕೂಗದೆ, ತುಟಿಯನ್ನು ಅತಿಯಾಗಿ ಹಿಗ್ಗಿಸದೆ, ಸಹಜವಾಗಿ ಸ್ವಲ್ಪ ನಿಧಾನವಾಗಿ ಮಾತಾಡುವುದು. ಕೂಗಿದರೆ ಮಾತು ಒಡೆದು ಕೇಳಿಸುತ್ತದೆ.

5. ಬೆಂಚು, ಕುರ್ಚಿಗಳ ಕಾಲಿಗೆ ರಬ್ಬರು ಹಾಕಿಸುವುದು, ಗೋಡೆಗೆ ಬಟ್ಟೆಯ ಫಲಕ, ಕಿಟಕಿಗೆ ಪರದೆ ಹಾಕುವುದು. ಇದಕ್ಕಷ್ಟೇ ಅಲ್ಪ ಖರ್ಚು. ಉಳಿದ ಮಕ್ಕಳಿಗೂ ಇದರಿಂದ ಪಾಠ ಚೆನ್ನಾಗಿ ಕೇಳಿಸುತ್ತದೆ.

6. ಪಕ್ಕದ ಗೆಳೆಯನ ಟಿಪ್ಪಣಿ ನೋಡಿ ಬರೆದುಕೊಳ್ಳಲು ಬಿಡುವುದು. ಅದನ್ನು ನಕಲು ಎಂದು ದಂಡಿಸಬಾರದು.

ಗೊತ್ತಾಗದೆ ಉಳಿದ ಮಕ್ಕಳು

ಇದುವರೆಗೆ ಹೇಳಿದ್ದು ದೋಷ ಪತ್ತೆಯಾದ ಮಕ್ಕಳ ಮಾತು. ದೋಷವಿದೆ ಎಂದೇ ತಿಳಿಯದ ಮಕ್ಕಳು ಪ್ರತಿ ಶಾಲೆಯಲ್ಲೂ ಇರಬಹುದು. ಟಿ.ವಿ. ಸದ್ದು ಹೆಚ್ಚಿಸುವುದು, ಪದೇ ಪದೇ "ಆಂ?" ಎನ್ನುವುದು, ಹಿಂದಿನಿಂದ ಕರೆದರೆ ತಿರುಗದಿರುವುದು, ಮಾತಿನಲ್ಲಿ ಅಕ್ಷರ ನುಂಗುವುದು, ಪಕ್ಕದವರನ್ನು ನೋಡಿ ಅನುಸರಿಸುವುದು, ಶಾಲೆಯಿಂದ ಬಂದಾಗ ಮಿತಿಮೀರಿದ ಆಯಾಸ ಕಂಡರೆ ಕಿವಿ ಪರೀಕ್ಷೆ ಮಾಡಿಸಿ.

ಹುಟ್ಟಿದ ಮಗುವಿನ ಕಿವಿಯನ್ನೂ ನೋವಿಲ್ಲದೆ ಪರೀಕ್ಷಿಸಬಹುದು. 1 ತಿಂಗಳೊಳಗೆ ಪ್ರಾಥಮಿಕ ಪರೀಕ್ಷೆ, 3 ತಿಂಗಳೊಳಗೆ ದೋಷದ ಖಚಿತ ನಿರ್ಣಯ, 6 ತಿಂಗಳೊಳಗೆ ಸಾಧನ ಮತ್ತು ತರಬೇತಿ ಆರಂಭ ಎಂಬುದು ಜಗತ್ತಿನ ಬಹುಕಡೆ ಒಪ್ಪಿದ ಕ್ರಮ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟು ಕಿವುಡುತನದ ತಪಾಸಣೆಯೂ ಸೇರಿದೆ. 1965ರಲ್ಲಿ ಸ್ಥಾಪನೆಯಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಪರೀಕ್ಷೆ, ಸಾಧನ ಹೊಂದಿಸುವಿಕೆ, ಮಾತಿನ ತರಬೇತಿ ಎಲ್ಲವೂ ಒಂದೇ ಕಡೆ ದೊರೆಯುತ್ತವೆ. ಕೇಂದ್ರದ ಅಡಿಪ್ ಯೋಜನೆಯಲ್ಲಿ ಆದಾಯಕ್ಕೆ ತಕ್ಕಂತೆ ಸಾಧನಗಳನ್ನು ಉಚಿತವಾಗಿ ಅಥವಾ ರಿಯಾಯಿತಿಯಲ್ಲಿ ಕೊಡುತ್ತಾರೆ. ತಾಲ್ಲೂಕಿನ ಬಿ.ಆರ್.ಸಿ. ಕೇಂದ್ರದಲ್ಲಿ ವಿಶೇಷ ಅಗತ್ಯದ ಮಕ್ಕಳಿಗಾಗಿ ಸಂಪನ್ಮೂಲ ಶಿಕ್ಷಕರಿರುತ್ತಾರೆ, ಅವರನ್ನು ಕಾಣಿ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ಎರಡೂ ಕಿವಿಗಳಲ್ಲಿ 70 ಡೆಸಿಬೆಲ್ ನಷ್ಟವಿದ್ದರೆ ಕಿವುಡುತನ, 60ರಿಂದ 70 ಡೆಸಿಬೆಲ್ ಇದ್ದರೆ ಮಂದಶ್ರವಣ. ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಎರಡನೆಯ ಮತ್ತು ಮೂರನೆಯ ಭಾಷೆಯಿಂದ ವಿನಾಯಿತಿ ಮುಂತಾದ ಅನುಕೂಲಗಳನ್ನು ಈ ಕಾಯ್ದೆ ಹೇಳುತ್ತದೆ. ನಷ್ಟ 60 ಡೆಸಿಬೆಲ್‌ಗಿಂತ ಕಡಿಮೆಯಿರುವ ಮಗು ಈ ಪಟ್ಟಿಗೆ ಬರುವುದಿಲ್ಲ. ಆದರೆ 40 ಡೆಸಿಬೆಲ್ ನಷ್ಟವಿದ್ದರೂ ಹಿಂದಿನ ಬೆಂಚಿನಲ್ಲಿ ಪಾಠ ತಪ್ಪಿಹೋಗುತ್ತದೆ. ಪ್ರಮಾಣಪತ್ರ ಸಿಗಲಿಲ್ಲವೆಂದು ಸಾಧನ, ಮೈಕು, ಮುಂದಿನ ಬೆಂಚುಗಳನ್ನು ಬಿಡಬೇಡಿ.

ಕೊನೆಯದಾಗಿ ಒಂದು ಮಾತು. "ಕೇಳಿಸಿತಾ? ಗೊತ್ತಾಯಿತಾ?" ಎಂದರೆ ಇಂಥ ಮಕ್ಕಳು ಹೂಂ ಎಂದು ತಲೆಯಾಡಿಸುತ್ತಾರೆ. ಎಲ್ಲರ ಮುಂದೆ ಇಲ್ಲವೆನ್ನಲು ಅವರಿಗೆ ನಾಚಿಕೆ. ಆದ್ದರಿಂದ ಉಪಾಧ್ಯಾಯರಾಗಲಿ ನೀವಾಗಲಿ ಈ ಪ್ರಶ್ನೆಯನ್ನು ಬಿಟ್ಟುಬಿಡಿ. ಬದಲಿಗೆ "ನಾನು ಏನು ಹೇಳಿದೆ, ಹೇಳು" ಎನ್ನಿ. ಇಂದು ಸಂಜೆ ಮಗು ಮನೆಗೆ ಬಂದಾಗ "ಮೇಷ್ಟ್ರು ಇವತ್ತು ಯಾವ ಪಾಠ ಮಾಡಿದರು?" ಎಂದು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ. ಅದು ಹೇಳುವ ಉತ್ತರದಿಂದ ತರಗತಿಯಲ್ಲಿ ಎಷ್ಟು ತಲುಪುತ್ತಿದೆ, ಯಾವ ಪಾಠ ತಪ್ಪುತ್ತಿದೆ ಎಂಬುದು ನಿಮಗೆ ತಿಳಿಯುತ್ತದೆ. ಒಂದು ವಾರ ಹೀಗೆ ಕೇಳಿ ಬರೆದಿಡಿ. ಆಡಿಯಾಲಜಿಸ್ಟರ ಬಳಿಗೂ ಶಾಲೆಗೂ ಹೋಗುವಾಗ ಆ ಚೀಟಿಯನ್ನು ತೆಗೆದುಕೊಂಡು ಹೋಗಿ.